ಬೀದಿ ನಮ್ಮದೂ ಹೌದು: ಬೆಂಗಳೂರಿನ ನಾಗರಿಕರಲ್ಲಿ ಒಂದು ಮನವಿ



ನಿಮ್ಮ ಬಡಾವಣೆಯ ನಲ್ಲಿಯಲ್ಲಿ ಎರಡು ವಾರದಿಂದ ನೀರಿಲ್ಲ ಎಂದುಕೊಳ್ಳಿ. ಫೋನು ಮಾಡಿ ಮಾಡಿ ಸಾಕಾಗಿದೆ, ಎಂಜಿನಿಯರ್ ಸಾಹೇಬರು ಸಿಕ್ಕುವುದಿಲ್ಲ. ಕೊನೆಗೆ ಬೀದಿಯ ಇಪ್ಪತ್ತು ಹೆಂಗಸರು ಖಾಲಿ ಬಿಂದಿಗೆ ಹಿಡಿದು ಜಲಮಂಡಳಿ ಕಚೇರಿಯ ಮುಂದೆ ಹೋಗಿ ನಿಲ್ಲುತ್ತಾರೆ. ಅರ್ಧ ಗಂಟೆಯೊಳಗೆ ಠಾಣೆಯ ಜೀಪು ಬರುತ್ತದೆ. ಇಳಿದವರು ನೀರಿನ ಮಾತೆತ್ತುವುದಿಲ್ಲ. ಹೇಳುವುದು ಇಷ್ಟೇ: "ಇಲ್ಲೆಲ್ಲಾ ಪ್ರೊಟೆಸ್ಟ್ ಮಾಡಂಗಿಲ್ಲಮ್ಮ. ಫ್ರೀಡಂ ಪಾರ್ಕಿಗೆ ಹೋಗಿ."

ಯಲಹಂಕದವರೂ ಅಲ್ಲಿಗೇ ಹೋಗಬೇಕು, ಕೆಂಗೇರಿಯವರೂ ಅಲ್ಲಿಗೇ, ವೈಟ್‌ಫೀಲ್ಡಿನವರೂ ಅಲ್ಲಿಗೇ. ಜನಸಂಖ್ಯೆ ಕೋಟಿ ದಾಟಿ ಎಷ್ಟೋ ಕಾಲವಾದ ಈ ಊರಿನಲ್ಲಿ ಕಷ್ಟ ಹೇಳಿಕೊಳ್ಳಲು ಇರುವ ಜಾಗ ಒಂದೇ: ಶೇಷಾದ್ರಿ ರಸ್ತೆಯ ಹಳೇ ಜೈಲಿನ ಆವರಣ, ಅದರಲ್ಲೂ ಒಂದು ಮೂಲೆ. ಅಲ್ಲಿ ನೀವು ಗಂಟಲು ಹರಿಯುವಂತೆ ಕೂಗಿ. ಕೇಳಿಸಿಕೊಳ್ಳಬೇಕಾದ ಎಂಜಿನಿಯರಿಗೂ ಕೇಳಿಸುವುದಿಲ್ಲ, ವಿಧಾನಸೌಧಕ್ಕೂ ಕೇಳಿಸುವುದಿಲ್ಲ. ಪಕ್ಕದ ಷಾಮಿಯಾನದಲ್ಲಿ ಕೂತ ಇನ್ನೊಂದು ಜಿಲ್ಲೆಯ ಧರಣಿಯವರಿಗೆ ಮಾತ್ರ ಕೇಳಿಸುತ್ತದೆ. ಪಾಪ, ಅವರ ಮೈಕೂ ನಿಮ್ಮ ಕಡೆಗೇ ತಿರುಗಿರುತ್ತದೆ.

ಇದು ಹೀಗೇಕಾಯಿತು, ಇದನ್ನು ಬದಲಾಯಿಸಲು ನೀವು ಈ ವಾರವೇ ಏನು ಮಾಡಬಹುದು ಎಂದು ಹೇಳುವುದಕ್ಕೆ ಈ ಕರಪತ್ರ. ಬಸ್ಸಿಗೆ ಕಾಯುವಾಗ ಓದಿ.

ಒಂದು ಆದೇಶದ ಕತೆ

2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ ಬೆಂಗಳೂರು ನಗರಕ್ಕೆ ಒಂದು ಆದೇಶ ಹೊರಟಿತು. ಪ್ರತಿಭಟನೆ, ಧರಣಿ, ಮೆರವಣಿಗೆಗಳಿಗೆ ಪೊಲೀಸರಿಂದ ಪರವಾನಗಿ ಪಡೆಯಬೇಕು, ಪ್ರತಿಭಟನೆ ನಡೆಯುವುದಾದರೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ ನಡೆಯಬೇಕು ಎಂಬುದು ಅದರ ಸಾರ. ಮೆರವಣಿಗೆಗಳಿಂದ ಸಂಚಾರ ನಿಂತುಹೋಗುತ್ತಿದೆ ಎಂದು ಹೈಕೋರ್ಟ್ ಅದೇ ವರ್ಷ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತ್ತು. 2022ರಲ್ಲಿ ಅದನ್ನು ಮುಗಿಸುವಾಗ ಈ ಆದೇಶವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದಿತು.

ಆಗ ರಾಜ್ಯದಲ್ಲಿದ್ದ ಸರ್ಕಾರ ಬೇರೆ ಪಕ್ಷದ್ದು. 2022ರ ಮಾರ್ಚ್‌ನಲ್ಲಿ ವಿರೋಧ ಪಕ್ಷದವರು ಮೇಕೆದಾಟು ಪಾದಯಾತ್ರೆಯನ್ನು ನಗರದ ರಸ್ತೆಗಳಲ್ಲೇ ನಡೆಸಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಮುಗಿಸಿದರು. ನಡೆದದ್ದು ತಪ್ಪು ಎಂದು ನಾವು ಹೇಳುವುದಿಲ್ಲ. ನೀರಿನ ವಿಚಾರಕ್ಕೆ ನಡೆಯಲಿ, ಇನ್ನೂ ನಾಲ್ಕು ಸಲ ನಡೆಯಲಿ. ಆದರೆ ಹಾಗೆ ನಡೆದವರೇ 2023ರಲ್ಲಿ ಅಧಿಕಾರಕ್ಕೆ ಬಂದರು. ಅವರ ಕೈಗೆ ಬಂದ ಕಡತಗಳಲ್ಲಿ ಈ ಆದೇಶವೂ ಇತ್ತು. ಅದನ್ನು ಹರಿದು ಹಾಕುವ ಕೆಲಸ ಆಗಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಬೀದಿ, ಅಧಿಕಾರದಲ್ಲಿದ್ದಾಗ ಫ್ರೀಡಂ ಪಾರ್ಕು! ಈ ವಿಚಾರದಲ್ಲಿ ಎಲ್ಲ ಪಕ್ಷಗಳೂ ಒಂದೇ ಶಾಲೆಯಲ್ಲಿ ಕಲಿತಂತಿವೆ. ಆದ್ದರಿಂದ ಈ ಕರಪತ್ರದಲ್ಲಿ ಯಾವ ಪಕ್ಷದ ಬಾವುಟವನ್ನೂ ಹುಡುಕಬೇಡಿ.

ಹಕ್ಕು ಯಾರದು, ಪರವಾನಗಿ ಯಾರದು?

ಸಂವಿಧಾನದ 19ನೇ ವಿಧಿ ಭಾರತದ ಪ್ರತಿ ನಾಗರಿಕನಿಗೂ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. ಅದರ ಮರುಸಾಲಿನಲ್ಲೇ ಶಾಂತಿಯುತವಾಗಿ, ಆಯುಧಗಳಿಲ್ಲದೆ ಒಂದೆಡೆ ಸೇರುವ ಹಕ್ಕನ್ನೂ ಕೊಟ್ಟಿದೆ. ಶಾಂತಿ ಇರಬೇಕು, ಆಯುಧ ಇರಬಾರದು ಎನ್ನುವ ಎರಡು ಷರತ್ತು ಅಲ್ಲೇ ಇವೆ. ದೇಶದ ಸಾರ್ವಭೌಮತೆ, ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ, ಇವುಗಳ ಸಲುವಾಗಿ ಸರ್ಕಾರ ಸಮಂಜಸವಾದ ನಿರ್ಬಂಧ ಹಾಕಬಹುದು ಎಂದೂ ಇದೆ. ಎದುರಿನವರು ಇದನ್ನೇ ಮೊದಲು ಎತ್ತಿ ತೋರಿಸುತ್ತಾರೆ, ಹಾಗಾಗಿ ನಾವೇ ಹೇಳಿಬಿಡುತ್ತೇವೆ. ಆದರೆ ಅಧಿಕಾರಿಗೆ ಕಿರಿಕಿರಿಯಾಗುತ್ತದೆ, ಮಂತ್ರಿಗಳ ಕಾರು ನಿಲ್ಲುತ್ತದೆ ಎಂಬ ಕಾರಣಗಳು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಐವತ್ತು ವರ್ಷ ಹಿಂದೆಯೇ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1969ರಲ್ಲಿ ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಎಂಬುವರು ವಿದ್ಯಾರ್ಥಿಗಳ ಮುಷ್ಕರದ ಸಂಬಂಧ ಸಾರ್ವಜನಿಕ ಸಭೆ ನಡೆಸಲು ಅನುಮತಿ ಕೇಳಿದರು. ಪೊಲೀಸರು ಕೊಡಲಿಲ್ಲ. 1972ರಲ್ಲಿ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಸಾರ್ವಜನಿಕ ಬೀದಿಯಲ್ಲಿ ಸಭೆ ಸೇರುವುದನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಎಲ್ಲ ಬೀದಿಗಳಲ್ಲೂ ಸಭೆಯೇ ಬೇಡವೆಂದು ಹಕ್ಕನ್ನೇ ಕಸಿಯುವಂತಿಲ್ಲ. ಅನುಮತಿ ಕೊಡುವ, ಬಿಡುವ ನಿರ್ಧಾರವನ್ನು ಯಾವ ಮಾರ್ಗಸೂಚಿಯೂ ಇಲ್ಲದೆ ಪೊಲೀಸ್ ಅಧಿಕಾರಿಯ ಮರ್ಜಿಗೆ ಬಿಟ್ಟಿದ್ದ ನಿಯಮವನ್ನು ನ್ಯಾಯಾಲಯ ಅಂದೇ ರದ್ದು ಮಾಡಿತು.

ದಿಲ್ಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟನೆಯನ್ನು ಪೂರ್ತಿ ನಿಷೇಧಿಸಿದಾಗಲೂ, 2018ರಲ್ಲಿ, ಪೂರ್ಣ ನಿಷೇಧ ಸಲ್ಲದು ಎಂದೇ ಸುಪ್ರೀಂ ಕೋರ್ಟ್ ಹೇಳಿತು. 2020ರ ಅಕ್ಟೋಬರಿನಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ, ಪ್ರತಿಭಟನೆ ಗೊತ್ತುಪಡಿಸಿದ ಜಾಗದಲ್ಲಿ ನಡೆಯಲಿ ಎಂದದ್ದೂ ನಿಜ. ನಮಗೆ ಅನುಕೂಲವಾದ ತೀರ್ಪನ್ನಷ್ಟೇ ಹೇಳಿ ಉಳಿದದ್ದನ್ನು ಮುಚ್ಚಿಡುವ ಜನ ನಾವಲ್ಲ. ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚುತ್ತೇವೆ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ನಾವು ಕೇಳುತ್ತಿರುವುದು ಬಲು ಸಣ್ಣದು. ಯಾವ ಕಚೇರಿಯಿಂದ ಅನ್ಯಾಯವಾಯಿತೋ ಆ ಕಚೇರಿಯ ಕಣ್ಣಿಗೆ ಬೀಳುವಷ್ಟು ಹತ್ತಿರ, ಓಡಾಡುವವರಿಗೆ ದಾರಿ ಬಿಟ್ಟು, ಒಂದು ಹೊತ್ತು ನಿಲ್ಲಲು ಜಾಗ. ವಲಯಕ್ಕೆ ಒಂದಾದರೂ ಮೈದಾನ. ಇಷ್ಟಕ್ಕೂ ಇಲ್ಲವೆನ್ನುವುದಾದರೆ ಸಂವಿಧಾನ ಕೊಟ್ಟ ಹಕ್ಕು ಉಳಿದದ್ದು ಎಲ್ಲಿ?

"144 ಹಾಕಿದ್ದಾರೆ" ಎಂದರೆ ಬಾಯಿ ಮುಚ್ಚಬೇಕಿಲ್ಲ

2019ರ ಡಿಸೆಂಬರ್ 19 ನೆನಪಿದೆಯೇ? ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಸಭೆಗಳು ನಿಗದಿಯಾಗಿದ್ದವು. ಹಿಂದಿನ ದಿನ ಇಡೀ ನಗರಕ್ಕೆ ಮೂರು ದಿನ ನಿಷೇಧಾಜ್ಞೆ ಬಂತು. ಮರುದಿನ ಪುರಭವನದ ಮುಂದೆ ನಿಂತವರನ್ನು ಬಸ್ಸುಗಳಿಗೆ ತುಂಬಿ ಕರೆದೊಯ್ದರು. ಕೈಯಲ್ಲೊಂದು ಫಲಕ ಹಿಡಿದು ಟಿವಿಯವರೊಂದಿಗೆ ಮಾತನಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಮಾತಿನ ನಡುವೆಯೇ ಎಳೆದೊಯ್ದದ್ದನ್ನು ನಾಡೆಲ್ಲ ನೋಡಿತು. ಆ ಕಾಯ್ದೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ. ಪರವಾಗಿ ನಿಂತಿದ್ದವರ ಮೇಲೂ ಅದೇ ಆಜ್ಞೆ ಇತ್ತು.

ಎರಡು ತಿಂಗಳೊಳಗೆ, 2020ರ ಫೆಬ್ರವರಿಯಲ್ಲಿ, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ನಮ್ಮ ಹೈಕೋರ್ಟ್ ಪೀಠ ಆ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಹೇಳಿತು. ಆಜ್ಞೆ ಹೊರಡಿಸಿದ ಅಧಿಕಾರಿ ಪರಿಸ್ಥಿತಿಯನ್ನು ತಾವಾಗಿ ವಿವೇಚಿಸಿ ಕಾರಣ ದಾಖಲಿಸಿರಲಿಲ್ಲ. ಕೆಳಗಿನವರು ಬರೆದ ವರದಿಗೆ ಸಹಿ ಬಿದ್ದಿತ್ತು ಅಷ್ಟೆ. ತೀರ್ಪು ಬರುವಷ್ಟರಲ್ಲಿ ಆ ಮೂರು ದಿನ ಕಳೆದುಹೋಗಿದ್ದವು, ಅದು ಬೇರೆ ಮಾತು. ಕಳೆದುಹೋದ ಸಭೆಯನ್ನು ಯಾವ ತೀರ್ಪೂ ಮತ್ತೆ ಸೇರಿಸಿ ಕೊಡುವುದಿಲ್ಲ.

ಹಳೇ 144 ಈಗ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ, ಅದರಲ್ಲಿ ಇದು 163ನೇ ಸೆಕ್ಷನ್. ಸಂಖ್ಯೆ ಬದಲಾಗಿದೆ, ಕಟ್ಟುಪಾಡು ಬದಲಾಗಿಲ್ಲ: ಆಜ್ಞೆ ಬರಹದಲ್ಲಿರಬೇಕು, ಅದಕ್ಕೆ ಕಾರಣವಾದ ಸಂಗತಿಗಳನ್ನು ಹೇಳಬೇಕು, ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಎಳೆಯುವಂತಿಲ್ಲ. ನ್ಯಾಯಯುತವಾದ ಅಭಿಪ್ರಾಯವನ್ನು ಹತ್ತಿಕ್ಕಲು ಈ ಅಧಿಕಾರ ಬಳಸಕೂಡದು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಾಶ್ಮೀರದ ಪ್ರಕರಣದಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಆದ್ದರಿಂದ ಯಾರಾದರೂ ನಿಷೇಧಾಜ್ಞೆ ಇದೆ ಎಂದರೆ ವಿನಯವಾಗಿ ಕೇಳಿ: "ಆಜ್ಞೆಯ ಪ್ರತಿ ತೋರಿಸಿ ಸರ್. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದೆ?" ಪ್ರತಿ ಇದ್ದರೆ ಪಾಲಿಸಿ, ತಪ್ಪೆನಿಸಿದರೆ ಕೋರ್ಟಿಗೆ ಹೋಗಿ. ಪ್ರತಿಯೇ ಇಲ್ಲದಿದ್ದರೆ ಅದು ಬಾಯಿಮಾತು.

ಕೂತು ಗೆದ್ದವರು ನಮ್ಮ ಪಕ್ಕದಲ್ಲೇ ಇದ್ದಾರೆ

"ಕೂತು ಕೂಗಿದರೆ ಏನಾಗುತ್ತೆ ಬಿಡ್ರಿ" ಎನ್ನುವವರನ್ನು ಒಂದು ಭಾನುವಾರ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಗೆ ಕರೆದುಕೊಂಡು ಹೋಗಿ. ವಿಮಾನ ನಿಲ್ದಾಣ ದಾಟಿದರೆ ಸಿಗುವ ಊರುಗಳು ಅವು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಮನೆಮನೆಗೂ ಹಾಲಿನ ಹಸು. 13 ಹಳ್ಳಿಗಳ 1,777 ಎಕರೆ ಜಮೀನು ಕೈಗಾರಿಕಾ ಪಾರ್ಕಿಗೆ ಬೇಕೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಅಧಿಸೂಚನೆ ಹೊರಡಿಸಿತು. ಜಮೀನು ಕಳೆದುಕೊಂಡರೆ ಪರಿಹಾರದ ಹಣ ಬರುತ್ತದೆ, ಖರ್ಚಾಗುತ್ತದೆ; ಎರಡನೇ ತಲೆಮಾರು ಅದೇ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ನಿಲ್ಲುತ್ತದೆ. ಪಕ್ಕದ ಊರುಗಳಲ್ಲಿ ಇದನ್ನು ಕಣ್ಣಾರೆ ಕಂಡ ಜನ ಅವರು.

2022ರ ಏಪ್ರಿಲ್ 4ರಂದು ಧರಣಿಗೆ ಕೂತರು. ಬಿತ್ತನೆ ಬಂತು, ಕುಯಿಲು ಬಂತು, ಹಬ್ಬ ಬಂತು, ಮದುವೆ ಬಂತು, ಚುನಾವಣೆ ಬಂತು, ಸರ್ಕಾರವೇ ಬದಲಾಯಿತು. ಷಾಮಿಯಾನ ಏಳಲಿಲ್ಲ. ಹೊಸ ಸರ್ಕಾರದವರು ವಿರೋಧ ಪಕ್ಷದಲ್ಲಿದ್ದಾಗ ಇದೇ ರೈತರ ಪರವಾಗಿ ಮಾತಾಡಿದ್ದರು. ಆದರೂ 2025ರ ಜೂನ್‌ನಲ್ಲಿ ಬಂದ ಮಾತು, ಮೂರು ಹಳ್ಳಿ ಬಿಡುತ್ತೇವೆ, ಉಳಿದದ್ದು ಬೇಕು. ಜೂನ್ 25ರಂದು ದೇವನಹಳ್ಳಿ ಚಲೋ ನಡೆಯಿತು. ಸಂಜೆಯ ಹೊತ್ತಿಗೆ ಹೋರಾಟಗಾರರನ್ನು ಎತ್ತಿ ವಾಹನಗಳಿಗೆ ಹಾಕಿದರು, ವಯಸ್ಸಾದವರು, ಹೆಂಗಸರು ಎಂದು ನೋಡಲಿಲ್ಲ. ಧರಣಿ ಫ್ರೀಡಂ ಪಾರ್ಕಿಗೆ ಬಂತು. ಸಾಹಿತಿಗಳು ಬಂದರು, ನಟ ಪ್ರಕಾಶ್ ರಾಜ್ ಬಂದರು, ಕಾರ್ಮಿಕರು, ದಲಿತ ಸಂಘಟನೆಗಳವರು, ಕಾಲೇಜು ಹುಡುಗರು ಬಂದು ಕೂತರು. ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು. ಧರಣಿಗೆ ಆಗ 1,198 ದಿನ.

ಗೆದ್ದಿದ್ದೇಕೆ? ಊರವರು ಒಡೆಯಲಿಲ್ಲ, ಇದು ಮೊದಲ ಕಾರಣ. ಎರಡನೆಯದು, ಧರಣಿ ಮೂರು ವರ್ಷ ಅವರದೇ ಹೋಬಳಿಯಲ್ಲಿ, ಅವರದೇ ಹೊಲಗಳ ಮಗ್ಗುಲಲ್ಲಿ ನಡೆಯಿತು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದು ಕೂರಬಹುದಿತ್ತು, ಸಂಜೆ ಹಸುವಿಗೆ ಮೇವು ಹಾಕಲು ಎದ್ದು ಹೋಗಬಹುದಿತ್ತು. ಮೊದಲ ದಿನವೇ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ ಎಂದಿದ್ದರೆ? ಬಸ್ ಚಾರ್ಜಿಗೇ ಹೋರಾಟ ಮುಗಿಯುತ್ತಿತ್ತು. ಜಾಗ ಎಲ್ಲಿ ಎನ್ನುವ ಪ್ರಶ್ನೆಯನ್ನು ನಾವು ಇಷ್ಟು ಹಿಡಿದು ಕೂತಿರುವುದು ಇದಕ್ಕೇ. ದೂರದ ಜಾಗ ಕೊಡುವುದು ಹಕ್ಕನ್ನು ನಯವಾಗಿ ಕಿತ್ತುಕೊಳ್ಳುವ ಉಪಾಯ.

ಆಶಾ ಕಾರ್ಯಕರ್ತೆಯರನ್ನು ನೋಡಿ. 2025ರ ಜನವರಿಯ ಚಳಿಯಲ್ಲಿ ಬೀದರ್, ರಾಯಚೂರು ಕಡೆಯಿಂದೆಲ್ಲ ಬಂದು ಗುಲಾಬಿ ಸೀರೆಯಲ್ಲೇ ಫ್ರೀಡಂ ಪಾರ್ಕಿನ ನೆಲದ ಮೇಲೆ ನಾಲ್ಕು ದಿನ ಕಳೆದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಸಿಕ್ಕಿತು. ಭರವಸೆ ಭರವಸೆಯಾಗಿಯೇ ಉಳಿದದ್ದರಿಂದ ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಬಂದು ಕೂರಬೇಕಾಯಿತು. ನಿಮ್ಮ ಮನೆಯ ಬಸುರಿ ಬಾಣಂತಿಯನ್ನು ವಿಚಾರಿಸಲು ಬರುವ ಹೆಣ್ಣುಮಗಳು ಅವಳು. ಕೊರೊನಾ ಕಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡಾಗ ಬಾಗಿಲು ತಟ್ಟಿದವಳೂ ಅವಳೇ.

"ಇದೆಲ್ಲ ಬಡವರ, ರೈತರ ವಿಚಾರ, ನಮಗೇನು" ಎನ್ನುವ ಐಟಿ ಗೆಳೆಯರಿಗೊಂದು ಮಾತು. ಕೆಲಸದ ಹೊತ್ತಿಗೆ ಮಿತಿ ಬೇಕು ಎಂದು ನಿಮ್ಮಲ್ಲೇ ಕೆಲವರು 2025ರ ಮಾರ್ಚ್‌ನಲ್ಲಿ ಅದೇ ಪಾರ್ಕಿಗೆ ಬಂದಿದ್ದರು. ಲ್ಯಾಪ್‌ಟಾಪ್ ಬ್ಯಾಗಿಗೂ ಬಿಂದಿಗೆಗೂ ಆ ಗೇಟಿನಲ್ಲಿ ವ್ಯತ್ಯಾಸವಿಲ್ಲ.

ಟ್ರಾಫಿಕ್ಕಿನ ಪ್ರಶ್ನೆ

ಎಲ್ಲರ ಬಾಯಲ್ಲೂ ಬರುವ ತಕರಾರು ಇದು, ಆಂಬುಲೆನ್ಸ್ ಸಿಕ್ಕಿಕೊಂಡರೆ ಏನು ಮಾಡ್ತೀರಿ? ನ್ಯಾಯವಾದ ಪ್ರಶ್ನೆ. ಆಂಬುಲೆನ್ಸಿಗೆ ದಾರಿ ಬಿಡದ ಮೆರವಣಿಗೆ ನಮ್ಮದಲ್ಲ. ಆದರೆ ಸಿಲ್ಕ್ ಬೋರ್ಡಿನಲ್ಲಿ, ಹೆಬ್ಬಾಳದಲ್ಲಿ, ಟಿನ್ ಫ್ಯಾಕ್ಟರಿಯ ಬಳಿ ಪ್ರತಿದಿನ ಆಂಬುಲೆನ್ಸು ಸಿಕ್ಕಿಕೊಳ್ಳುತ್ತಲ್ಲ, ಅಲ್ಲಿ ಯಾವ ಧರಣಿ ನಡೆಯುತ್ತಿದೆ? ಕಾರ್ತಿಕದ ಕಡಲೆಕಾಯಿ ಪರಿಷೆಗೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆ ಮುಚ್ಚುತ್ತದೆ. ಕರಗ ರಾತ್ರಿಯಿಡೀ ಪೇಟೆ ಬೀದಿಗಳಲ್ಲಿ ಹೋಗುತ್ತದೆ. ಪೊಲೀಸರು ದಾರಿ ಬದಲಿಸಿ, ಬ್ಯಾರಿಕೇಡ್ ಇಟ್ಟು, ನಿದ್ದೆಗೆಟ್ಟು ವ್ಯವಸ್ಥೆ ಮಾಡುತ್ತಾರೆ. ಯಾರೂ ಗೊಣಗುವುದಿಲ್ಲ, ಗೊಣಗಲೂಬಾರದು, ಅದು ಈ ಊರಿನ ಜೀವ. ಪರಿಷೆಗೆ ದಾರಿ ಮಾಡಿಕೊಡಲು ಬರುವ ಅದೇ ಪೊಲೀಸರಿಗೆ ಪೌರಕಾರ್ಮಿಕರ ಮೆರವಣಿಗೆಗೆ ಒಂದು ಗಂಟೆ ದಾರಿ ಮಾಡಿಕೊಡಲು ಬಾರದೇ?

ಜನಸಂದಣಿಯ ಅಪಾಯ ನಮಗೂ ಗೊತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಬಂದ 11 ಜನ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟರು. ಪೊಲೀಸರ ಕೆಲಸ ಬೇಕಾಗುವುದು ಅಲ್ಲಿ: ಮುಂಚಿತವಾಗಿ ತಿಳಿದುಕೊಂಡು, ಜಾಗ ಅಳೆದು, ಹೋಗಿಬರುವ ದಾರಿ ಗೊತ್ತು ಮಾಡುವುದು. ಪೊಲೀಸರಿಗೆ ಮುಂಚೆಯೇ ತಿಳಿಸುತ್ತೇವೆ, ಎಷ್ಟು ಜನ, ಎಷ್ಟು ಹೊತ್ತು, ಯಾವ ದಾರಿ ಎಂದು ಬರೆದುಕೊಡುತ್ತೇವೆ. ಆ ನಿಯಮ ಇರಲಿ. ಊರೆಲ್ಲಕ್ಕೂ ಒಂದೇ ಪಾರ್ಕು ಎನ್ನುವ ನಿಯಮ ಹೋಗಲಿ.

ಕೇಳಿಸಿಕೊಳ್ಳುವ ಕಿವಿ ಇಲ್ಲದಾಗ ಏನಾಗುತ್ತದೆ ಎನ್ನುವುದನ್ನೂ ಈ ಊರು ನೋಡಿದೆ. 2016ರ ಫೆಬ್ರವರಿಯಲ್ಲಿ ಭವಿಷ್ಯನಿಧಿ ಹಣ ತೆಗೆಯಲು ಕೇಂದ್ರ ಸರ್ಕಾರ ಹೊಸ ನಿರ್ಬಂಧ ಹಾಕಿತು. ಮಾಲೀಕರ ಪಾಲು 58 ವರ್ಷದವರೆಗೂ ಕೈಗೆ ಬಾರದು ಎಂಬ ಸುದ್ದಿ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್‌ಗಳಲ್ಲಿ ಹರಡಿತು. ಮಗಳ ಮದುವೆಗೋ, ಊರಿನ ಸಾಲಕ್ಕೋ ಆ ದುಡ್ಡನ್ನೇ ನಂಬಿದ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ಪೀಣ್ಯದ ಕಡೆಗೆ ಹೊರಬಂದರು. ನಾಯಕರಿರಲಿಲ್ಲ. ಎರಡನೇ ದಿನ ಕಲ್ಲು ಬಿತ್ತು, ಬಸ್ಸಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು. ಆ ಬೆಂಕಿಯನ್ನು ನಾವು ಸಮರ್ಥಿಸುವುದಿಲ್ಲ, ಕಲ್ಲು ಹಿಡಿದ ಕೈ ನಮ್ಮ ಜೊತೆ ಬರುವುದೂ ಬೇಡ. ಆದರೆ ಆ ಸಂಜೆಯೇ ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಮೊದಲ ದಿನ ಶಾಂತವಾಗಿ ಕೂತಿದ್ದಾಗಲೇ ಯಾರಾದರೂ ಬಂದು ಮಾತಾಡಿದ್ದರೆ ಬಸ್ಸುಗಳು ಉಳಿಯುತ್ತಿದ್ದವು ಎನ್ನುವುದು ನಮ್ಮ ನಂಬಿಕೆ.

ಆ ಗೋಡೆಗಳ ಒಳಗೆ

ಫ್ರೀಡಂ ಪಾರ್ಕಿಗೆ ಹೋದಾಗ ಷಾಮಿಯಾನದಿಂದ ಎದ್ದು ಒಂದು ಸುತ್ತು ಬನ್ನಿ. ಅದು ಬೆಂಗಳೂರಿನ ಸೆಂಟ್ರಲ್ ಜೈಲು ಆಗಿತ್ತು, ಉದ್ಯಾನವಾಗಿ ತೆರೆದದ್ದು 2008ರಲ್ಲಿ. ನಡುವಿನ ಕಾವಲು ಗೋಪುರ ಇನ್ನೂ ಇದೆ, ಕೋಣೆಗಳೂ ಇವೆ. 1975ರ ಜೂನ್ 26ರಂದು, ತುರ್ತು ಪರಿಸ್ಥಿತಿ ಘೋಷಣೆಯಾದ ಬೆಳಿಗ್ಗೆ, ಸಂಸದೀಯ ಸಮಿತಿಯ ಸಭೆಗೆಂದು ಈ ಊರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು ಇಲ್ಲಿಗೆ ತಂದರು. 'ಸಂಸ್ಕಾರ' ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಅವರೂ ಇದೇ ಜೈಲಿನಲ್ಲಿದ್ದರು. ಉಬ್ಬಸದ ರೋಗಿ. ಎಂಟು ತಿಂಗಳ ನಂತರ, ಸ್ಥಿತಿ ಕೈಮೀರಿದ ಮೇಲೆ, ಪೆರೋಲಿನ ಮೇಲೆ ಹೊರಬಿಟ್ಟರು. 1977ರ ಜನವರಿ 20ರಂದು ತೀರಿಕೊಂಡರು. ಅಂಥ ಜಾಗವನ್ನೇ ನಾಗರಿಕರ ದನಿಗೆ ಕೊಟ್ಟದ್ದು ಒಂದು ರೀತಿಯಲ್ಲಿ ಚೆಂದವೇ. ದನಿಯೆಲ್ಲ ಅದೇ ಗೋಡೆಯೊಳಗೇ ಇರಲಿ ಎಂದದ್ದು ಮಾತ್ರ ಚೆಂದವಲ್ಲ.

ಇನ್ನೂ ಹಿಂದಕ್ಕೆ ಹೋದರೆ 1938. ಮದ್ದೂರಿನ ಬಳಿಯ ಶಿವಪುರದಲ್ಲಿ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಧ್ವಜ ಏರಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯ ನಡುವೆ ಸೇರಿದ ಜನರ ಮೇಲೆ ಗುಂಡು ಹಾರಿತು. ಸತ್ತವರ ಲೆಕ್ಕ ಸರ್ಕಾರಕ್ಕೊಂದು, ಊರಿಗೊಂದು. ಕೆಲವೇ ದಿನಗಳಲ್ಲಿ ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿಗೆಯಾಯಿತು. ಸಭೆ ಸೇರುವ ಹಕ್ಕನ್ನು ನಮಗೆ ಯಾರೂ ದಾನವಾಗಿ ಕೊಟ್ಟಿಲ್ಲ, ಆ ಊರುಗಳವರು ಜೀವ ಕೊಟ್ಟು ತಂದುಕೊಟ್ಟಿದ್ದಾರೆ.

ಹಿಡಿದೊಯ್ದರೆ

ಇದನ್ನು ಓದಿ ಹೆದರಬೇಡಿ. ತಿಳಿದವರಿಗೆ ಹೆದರಿಕೆ ಕಡಿಮೆ. ಹೊಸ ಸಂಹಿತೆಯ 172ನೇ ಸೆಕ್ಷನ್ ಪೊಲೀಸರ ಸೂಚನೆ ಪಾಲಿಸದವರನ್ನು ಹಿಡಿದಿಡುವ ಅಧಿಕಾರ ಕೊಟ್ಟಿದೆ, ಆದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಬಿಡಬೇಕು ಅಥವಾ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಭೇಟಿ ಮಾಡಲು ಬಿಡಬೇಕು: ಇದು ಸಂವಿಧಾನದ 22ನೇ ವಿಧಿ. ನೀವು ಹೆಸರಿಸಿದ ಬಂಧುವಿಗೋ ಸ್ನೇಹಿತರಿಗೋ ಎಲ್ಲಿದ್ದೀರಿ ಎಂದು ತಿಳಿಸಬೇಕು. ಬಂಧಿಸುವ ಅಧಿಕಾರಿಯ ಎದೆಯ ಮೇಲೆ ಹೆಸರು ಕಾಣಬೇಕು. ಅಸಾಧಾರಣ ಸಂದರ್ಭ ಬಿಟ್ಟರೆ ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸುವಂತಿಲ್ಲ; ಅಂಥ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕಬೇಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನು ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆಯ ಕಾರ್ಮಿಕರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಕಾನ್‌ಸ್ಟೆಬಲ್‌ಗಳ ಜೊತೆ ಜಗಳಕ್ಕೆ ಇಳಿಯಬೇಡಿ. ಬೆಳಗಿನಿಂದ ಬಿಸಿಲಲ್ಲಿ ನಿಂತು ಕಾಲು ನೋಯಿಸಿಕೊಂಡವರು, ಅವರಿಗೂ ಮನೆಯಲ್ಲಿ ನೀರು ಬಂದಿರುವುದಿಲ್ಲ. ಅವರು ಸಂಘ ಕಟ್ಟಿ ಬೀದಿಗೆ ಬರುವಂತೆಯೂ ಇಲ್ಲ.

ಈ ವಾರ ಮಾಡಬೇಕಾದದ್ದು

ಒಂದು ಬಿಳಿ ಹಾಳೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಮಾಹಿತಿ ಹಕ್ಕು ಕಾಯ್ದೆಯಡಿ ಕೆಳಗಿನ ಅರ್ಜಿಯನ್ನು ನಿಮ್ಮ ಕೈಬರಹದಲ್ಲೇ ಬರೆದು, ಇನ್‌ಫೆಂಟ್ರಿ ರಸ್ತೆಯ ನಗರ ಪೊಲೀಸ್ ಆಯುಕ್ತರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಲ್ಲವೇ ಖುದ್ದಾಗಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಏಕೆ ಬೇಕು ಎಂದು ಕೇಳಿದರೆ ಕಾರಣ ಹೇಳಬೇಕಾಗಿಲ್ಲ.

"ವಿಷಯ: ಪ್ರತಿಭಟನೆ, ಧರಣಿ, ಮೆರವಣಿಗೆಗಳ ಪರವಾನಗಿ. ಬೆಂಗಳೂರು ನಗರದಲ್ಲಿ ಪ್ರತಿಭಟನೆ ಕುರಿತ 2021ರ ಆದೇಶ ಜಾರಿಯಾದ ದಿನದಿಂದ ಇಂದಿನವರೆಗೆ ಪರವಾನಗಿ ಕೋರಿ ಬಂದ ಅರ್ಜಿಗಳೆಷ್ಟು, ಮಂಜೂರಾದವು ಎಷ್ಟು, ತಿರಸ್ಕೃತವಾದವು ಎಷ್ಟು ಎಂಬುದನ್ನು ವರ್ಷವಾರು ತಿಳಿಸಿ. ತಿರಸ್ಕರಿಸಿದ ಅರ್ಜಿಗಳಿಗೆ ನೀಡಿದ ಹಿಂಬರಹಗಳ ಪ್ರತಿ ಕೊಡಿ. ಫ್ರೀಡಂ ಪಾರ್ಕ್ ಹೊರತುಪಡಿಸಿ ಬೇರೆ ಸ್ಥಳಗಳನ್ನು ಗೊತ್ತುಪಡಿಸುವ ಪ್ರಸ್ತಾವ ಇದ್ದಲ್ಲಿ ಆ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ. ಈ ಆದೇಶ ಉಲ್ಲಂಘನೆಗಾಗಿ ದಾಖಲಾದ ಪ್ರಕರಣಗಳ ಸಂಖ್ಯೆಯನ್ನು ಠಾಣಾವಾರು ತಿಳಿಸಿ."

ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ ಮೂವತ್ತು ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗ. ಒಬ್ಬರು ಕೇಳಿದರೆ ಕಡತ ಕಾಣೆಯಾಗುತ್ತದೆ. ಸಾವಿರ ಜನ ಕೇಳಿದರೆ ಸಿಗುತ್ತದೆ.

ಇದರ ಜೊತೆಗೆ ನಿಮ್ಮ ಶಾಸಕರಿಗೆ ಒಂದು ಪೋಸ್ಟ್ ಕಾರ್ಡು ಬರೆಯಿರಿ, ಪಕ್ಷ ಯಾವುದೇ ಇರಲಿ. ಮುಂದಿನ ಅಧಿವೇಶನದಲ್ಲಿ ಅವರು ಸದನದಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿ: ನಗರದ ಪ್ರತಿ ವಲಯದಲ್ಲೂ ನಾಗರಿಕರು ಶಾಂತಿಯಿಂದ ಸೇರಲು ಜಾಗ ಯಾವಾಗ ಗೊತ್ತು ಮಾಡುತ್ತೀರಿ? ಕಾರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ. ವೋಟು ಕೇಳಲು ಬಾಗಿಲಿಗೆ ಬಂದಾಗ ತೋರಿಸಿ.

ಮತ್ತೆ, ಮುಂದಿನ ಸಲ ಫ್ರೀಡಂ ಪಾರ್ಕಿನ ಮುಂದೆ ಬಸ್ಸು ನಿಂತಾಗ ಒಳಗೆ ಯಾರು ಕೂತಿದ್ದಾರೆ ಎಂದು ಇಳಿದು ನೋಡಿ. ಹತ್ತು ನಿಮಿಷ ಅವರ ಮಾತು ಕೇಳಿ, ಒಂದು ಬಾಟಲಿ ನೀರು ಕೊಡಿ. ಅವರ ಬೇಡಿಕೆ ನಿಮಗೆ ಒಪ್ಪಿಗೆಯಾಗದಿದ್ದರೂ ಕೇಳಿ. ನಿಮಗೆ ಒಪ್ಪಿಗೆಯಾಗದವರಿಗೂ ಜಾಗ ಉಳಿದರೆ ಮಾತ್ರ ನಾಳೆ ನಿಮಗೂ ಇರುತ್ತದೆ.

ಅರ್ಜಿ ಬರೆಯಲು ಬಾರದ ನೆರೆಯವರಿದ್ದರೆ ಕೂತು ಬರೆದುಕೊಡಿ, ಸಹಿ ಅವರದೇ ಇರಲಿ. ಈ ಕರಪತ್ರವನ್ನು ಬಿಸಾಡದೆ ಅಂಗಡಿಯ ಕೌಂಟರಿನ ಮೇಲೋ, ಆಟೋ ಸ್ಟ್ಯಾಂಡಿನಲ್ಲೋ, ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲೋ ಇಡಿ. ಜೆರಾಕ್ಸ್ ಮಾಡಿಸಿ ಹಂಚಲು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ, ನಮ್ಮದನ್ನು ಕೂಡ.

ಇಂತಿ,
ಬೆಂಗಳೂರಿನ ಕೆಲವು ನಾಗರಿಕರು